ಹಾಲಿನ ಕ್ಯಾನಿನಲ್ಲಿ ಮರದ ಹೊಟ್ಟು

ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ದನ ಇಲ್ಲದೆ ಹನ್ನೊಂದು ವರ್ಷವಾಯಿತು. ಈಗ ಅಲ್ಲಿ ಒಂದು ಟೇಬಲ್ ಗರಗಸ, ಒಂದು ರೂಟರ್, ಎರಡು ಸ್ಯಾಂಡರ್, ಗೋಡೆಯ ಮೊಳೆಗಳಲ್ಲಿ ಅಪ್ಪನ ಕಾಲದ ಕೀಸುಳಿ, ಉಳಿಗಳು. ಸಾಗರದ ಸುತ್ತಮುತ್ತ ಯಾರು ಕಿಟಕಿ ಕೇಳಿದರೂ, ಮಂಚ ಕೇಳಿದರೂ, ಈಚೀಚೆಗೆ ಅಡುಗೆಮನೆ ಕಪಾಟು ಕೇಳಿದರೂ ಮಾಡಿಕೊಡುತ್ತೇನೆ.

ಅಪ್ಪನಿಗೆ ಧೂಳಿನ ಚಿಂತೆ ಇರಲಿಲ್ಲ. ಕೀಸುಳಿ ಹೊಡೆದರೆ ಹೊಟ್ಟು ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಕೈಗರಗಸದ ಹುಡಿ ಕಾಲಬುಡದಲ್ಲೇ ಬೀಳುತ್ತಿತ್ತು. ಸಂಜೆ ಅಮ್ಮ ಗುಡಿಸಿ ಬಚ್ಚಲ ಒಲೆಗೆ ಹಾಕಿದರೆ ಅಲ್ಲಿಗೆ ಮುಗಿಯಿತು. ಯಂತ್ರ ಬಂದ ಮೇಲೆ ಹುಡಿ ಹಿಟ್ಟಾಯಿತು. ಎಂಡಿಎಫ್ ಹಲಗೆ ಬಂದ ಮೇಲೆ ಹಿಟ್ಟು ಹೊಗೆಯಾಯಿತು. ಮಲೆನಾಡಿನ ಮಳೆಗಾಲದಲ್ಲಿ ಬಾಗಿಲು ತೆರೆದಿಟ್ಟು ಕೆಲಸ ಮಾಡುವ ಹಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏಳುವ ಧೂಳೆಲ್ಲ ಒಳಗೇ. ದಿನವಿಡೀ ಹಲಸಿನ ಹಲಗೆ ಉಜ್ಜಿದ ರಾತ್ರಿ ಮೂಗು ಸೀನಿದರೆ ಕರವಸ್ತ್ರ ಹಳದಿ. ಬೀಟೆಯಾದರೆ ನೇರಳೆಗಪ್ಪು. ಯಾವ ಮರದ ಕೆಲಸ ನಡೆದಿದೆ ಎಂದು ನನ್ನ ಹೆಂಡತಿ ಬಟ್ಟೆ ಒಗೆಯುವಾಗಲೇ ಹೇಳುತ್ತಿದ್ದಳು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ, ಮುಖ್ಯವಾಗಿ ಮೂಗು ಮತ್ತು ಅದರ ಅಕ್ಕಪಕ್ಕದ ಪೊಳ್ಳುಗಳ ಕ್ಯಾನ್ಸರಿಗೆ. ಇದನ್ನು ಓದಿದ ವಾರವೇ 20 ಲೀಟರಿನ ಒಂದು ವರ್ಕ್‌ಶಾಪ್ ವ್ಯಾಕ್ಯೂಮ್ ತಂದೆ. ಎರಡು ದಿನ ಸ್ವರ್ಗ. ಮೂರನೆಯ ದಿನದಿಂದ ಶುರುವಾಯಿತು ಪಾಡು. ಸ್ಯಾಂಡರಿಗೆ ಜೋಡಿಸಿ ಕಾಲು ಗಂಟೆ ಓಡಿಸುವಷ್ಟರಲ್ಲಿ ಒಳಗಿನ ಫಿಲ್ಟರಿಗೆ ಹಿಟ್ಟು ಮೆತ್ತಿಕೊಂಡು ಎಳೆತ ಸತ್ತುಹೋಗುತ್ತಿತ್ತು. ಫಿಲ್ಟರ್ ಬಿಚ್ಚಿ ಜಗಲಿಯ ಕಟ್ಟೆಗೆ ಬಡಿದರೆ ಆ ಹಿಟ್ಟೆಲ್ಲ ಮುಖಕ್ಕೆ. ಅಂದರೆ ಮೂಗಿಗೆ ಹೋಗಬೇಕಾದ ಧೂಳನ್ನು ಯಂತ್ರದಲ್ಲಿ ಕೂಡಿಟ್ಟು ಒಟ್ಟಿಗೇ ಮೂಗಿಗೆ ಬಿಟ್ಟುಕೊಳ್ಳುವ ಏರ್ಪಾಡು ಮಾಡಿಕೊಂಡಿದ್ದೆ.

ಇದಕ್ಕೆ ಉತ್ತರ ನನ್ನ ಕಣ್ಣಮುಂದೆಯೇ ಇತ್ತು. ಚಿಕ್ಕಂದಿನಲ್ಲಿ ಭತ್ತ ಮಾಡಿಸಲು ಹೋಗುತ್ತಿದ್ದ ಅಕ್ಕಿ ಗಿರಣಿಯ ಮೇಲೆ ತಗಡಿನ ದೊಡ್ಡ ಆಲಿಕೆಯಂಥದ್ದೊಂದು ಇತ್ತು. ಮಳೆನೀರು ಹಿಡಿಯಲು ಇರಬೇಕು ಎಂದುಕೊಂಡಿದ್ದೆ. ಅದು ಸೈಕ್ಲೋನ್. ತೌಡು ಹೊತ್ತ ಗಾಳಿ ಅದರ ಪಕ್ಕದಿಂದ, ಗೋಡೆಯನ್ನು ಸವರಿಕೊಂಡು ಒಳಗೆ ನುಗ್ಗುತ್ತದೆ. ಗಿರಗಿರನೆ ಸುತ್ತುತ್ತ ಕೆಳಗಿಳಿಯುತ್ತದೆ. ತೂಕವಿದ್ದದ್ದು ಗೋಡೆಗೆ ಎಸೆಯಲ್ಪಟ್ಟು ಜಾರಿ ಕೆಳಗಿನ ಚೀಲಕ್ಕೆ ಬೀಳುತ್ತದೆ. ಹಗುರಾದ ಗಾಳಿ ತಳದಲ್ಲಿ ತಿರುಗಿ ನಟ್ಟನಡುವಿನಿಂದ ಮೇಲೇರಿ ಹೊರಗೆ ಹೋಗುತ್ತದೆ. ಕಣದಲ್ಲಿ ಗಾಳಿಗೆ ತೂರಿ ಗಟ್ಟಿ-ಜೊಳ್ಳು ಬೇರ್ಪಡಿಸುತ್ತಿದ್ದೆವಲ್ಲ, ಅದೇ ಲೆಕ್ಕ. ಇಲ್ಲಿ ಗಾಳಿಯನ್ನೇ ಸುತ್ತಿಸುತ್ತಾರೆ. ಇಂಗ್ಲೆಂಡಿನ ಜೇಮ್ಸ್ ಡೈಸನ್ 1970ರ ದಶಕದ ಕೊನೆಯಲ್ಲಿ ಒಂದು ಸಾಮಿಲ್ಲಿನ ಇಂಥದೇ ಆಲಿಕೆಯನ್ನು ನೋಡಿ, ಅದನ್ನು ಮನೆಯ ವ್ಯಾಕ್ಯೂಮಿನೊಳಗೆ ಕೂರಿಸಲು ಹೊರಟವರು. 5,127 ಮಾದರಿ ಮಾಡಿದ್ದಾಗಿ ಹೇಳುತ್ತಾರೆ. ಅವರ ಹೆಸರಿನ ಡಿಸಿ01 ಅಂಗಡಿಗೆ ಬಂದದ್ದು 1993ರಲ್ಲಿ. ಮರದ ಕೆಲಸದಿಂದ ಮನೆಗೆ ಹೋದ ಉಪಾಯವನ್ನು ನಾನು ಮತ್ತೆ ಮರದ ಕೆಲಸಕ್ಕೆ ತರಬೇಕಿತ್ತು, ಅಷ್ಟೆ. ಗೇಣುದ್ದಕ್ಕಿಂತ ತುಸು ಹೆಚ್ಚಿನ ಪ್ಲಾಸ್ಟಿಕ್ ಆಲಿಕೆ ಆನ್‌ಲೈನಿನಲ್ಲಿ ಸಿಗುತ್ತದೆ. ತರಿಸಿದೆ.

ಆಲಿಕೆಯ ಕೆಳಗೆ ಹುಡಿ ಬೀಳಲು ಒಂದು ಡಬ್ಬಿ ಬೇಕು. ಯಾರ ಮನೆಯಲ್ಲಿ ಇಲ್ಲ 20 ಲೀಟರಿನ ಪೇಂಟ್ ಬಕೆಟ್? ಮುಚ್ಚಳಕ್ಕೆ ತೂತು ಕೊರೆದು ಆಲಿಕೆ ಕೂರಿಸಿದೆ. ಚಾಲೂ ಮಾಡಿದರೆ ಹುಡಿಯೆಲ್ಲ ನೇರವಾಗಿ ವ್ಯಾಕ್ಯೂಮಿಗೇ ಹೋಯಿತು. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ, ನನ್ನ ಜೊತೆ ಕೆಲಸ ಮಾಡುವ ಹುಡುಗ ಮೆಲ್ಲಗೆ ಕೇಳಿದ: "ಅಣ್ಣ, ಪೈಪು ಉಲ್ಟಾ ಆಗಿಲ್ವಾ?" ಆಗಿತ್ತು. ಪಕ್ಕದ ಬಾಯಿಗೆ ಕೆಲಸದ ಕಡೆಯ ಪೈಪು, ನೆತ್ತಿಯ ಬಾಯಿಗೆ ವ್ಯಾಕ್ಯೂಮಿನ ಪೈಪು. ಇದೊಂದನ್ನು ಅದಲುಬದಲು ಮಾಡಿದರೆ ಸೈಕ್ಲೋನ್ ಬರೀ ಆಲಿಕೆ.

ಸರಿಮಾಡಿದ ಮೇಲೆ ಎಷ್ಟು ಚೆನ್ನಾಗಿ ಓಡಿತೆಂದರೆ, ಹೆಂಡತಿಯನ್ನು ಕರೆದು ತೋರಿಸೋಣ ಎನ್ನಿಸಿತು. ಕರೆದೆ. ಅವಳು ಬಂದು ನಿಂತಳು. ನೆಲದ ಮೇಲಿದ್ದ ಒಂದು ಒರೆಸುಬಟ್ಟೆ ಪೈಪಿನ ಬಾಯಿಗೆ ಸಿಕ್ಕಿಕೊಂಡಿತು. ವ್ಯಾಕ್ಯೂಮಿನ ಸದ್ದು ಕೀರಲಾಯಿತು. ಮರುಕ್ಷಣವೇ ಬಕೆಟ್ 'ಡಬ್' ಎಂದು ಒಳಕ್ಕೆ ಕುಸಿದು, ಕಾಲಲ್ಲಿ ತುಳಿದ ಪ್ಲಾಸ್ಟಿಕ್ ಲೋಟದಂತಾಯಿತು. "ಇದನ್ನು ತೋರ್ಸೋಕೆ ಕರೆದ್ರಾ?" ಎಂದಳು.

ಆ ರಾತ್ರಿ ಲೆಕ್ಕ ಹಾಕಿ ನೋಡಿದೆ. ಯಂತ್ರದ ಮೈಮೇಲೆ 18 ಕಿಲೋಪ್ಯಾಸ್ಕಲ್ ಎಂದು ಬರೆದಿತ್ತು. ಪೈಪಿನ ಬಾಯಿ ಮುಚ್ಚಿದಾಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಅಷ್ಟು ಕಡಿಮೆಯಾಗಬಹುದು. 30 ಸೆಂಟಿಮೀಟರ್ ಅಗಲದ ಮುಚ್ಚಳಕ್ಕೆ ಅದನ್ನು ಹಂಚಿದರೆ ಸುಮಾರು 130 ಕೆಜಿ ಭಾರ. 50 ಕೆಜಿಯ ಎರಡೂವರೆ ಮೂಟೆ ಅಕ್ಕಿಯನ್ನು ಪೇಂಟ್ ಬಕೆಟ್ಟಿನ ಮುಚ್ಚಳದ ಮೇಲೆ ಯಾರಾದರೂ ಇಡುತ್ತಾರೆಯೆ? ವ್ಯಾಕ್ಯೂಮ್ ಎಳೆಯುತ್ತದೆ ಎಂದುಕೊಂಡಿದ್ದೆ. ನಿಜವಾಗಿ ಹೊರಗಿನ ಗಾಳಿ ತಳ್ಳುತ್ತದೆ.

ಆಮೇಲೆ ಹೊಳೆದದ್ದು ಡೇರಿಯ ಅಲ್ಯೂಮಿನಿಯಂ ಕ್ಯಾನು. 40 ಲೀಟರಿನದು, ದಪ್ಪ ಮೈ, ಉರುಟು ಭುಜ. ಲಾರಿಯಿಂದ ಎತ್ತಿ ಹಾಕಿದರೂ ಜಗ್ಗದ್ದು. ಪರಿಚಯದ ಹಾಲಿನವರ ಬಳಿ ಕಿವಿ ಮುರಿದ ಹಳೆಯದೊಂದು ಬಿದ್ದಿತ್ತು. ಅದರ ಮುಚ್ಚಳ ತೆಗೆದಿಟ್ಟು, ಆ ಬಾಯಿಗೆ ಹೊಂದುವ ದುಂಡು ಹಲಗೆಯನ್ನು ದಪ್ಪ ಪ್ಲೈವುಡ್‌ನಲ್ಲಿ ಕಡೆದೆ. ನನ್ನ ಕೆಲಸ ಇದೇ ಅಲ್ಲವೆ? ಅಂಚು ಎಷ್ಟು ಬಿಗಿಯಾಗಿ ಕೂತಿತೆಂದರೆ ರಬ್ಬರ್ ರಿಂಗು ಬೇಕೇ ಇಲ್ಲ ಎನ್ನಿಸಿತು. ಚೌಕಟ್ಟಿನ ಮೂಲೆಯ ಸಂದಿನಲ್ಲಿ ಪೋಸ್ಟ್‌ಕಾರ್ಡ್ ತೂರಬಾರದು ಎಂದು ಅಪ್ಪ ಕಲಿಸಿದ್ದರು. ಇಲ್ಲಿ ತೂರುತ್ತಿರಲಿಲ್ಲ.

ಕ್ಯಾನು ಕುಸಿಯಲಿಲ್ಲ. ಆದರೆ ವಾರದೊಳಗೆ ಫಿಲ್ಟರ್ ಮತ್ತೆ ಕಟ್ಟಿಕೊಳ್ಳತೊಡಗಿತು. ಅಡುಗೆಮನೆಯ ತಕ್ಕಡಿ ತಂದು ಒಂದು ಕೆಜಿ ಹುಡಿ ತೂಗಿ, ನೆಲಕ್ಕೆ ಸುರಿದು, ಎಳೆಸಿ, ಮತ್ತೆ ತೂಗಿದೆ. ಕ್ಯಾನಿನಲ್ಲಿ 710 ಗ್ರಾಂ. ಮಿಕ್ಕದ್ದು ವ್ಯಾಕ್ಯೂಮಿಗೆ ಹೋಗಿತ್ತು. ಆಲಿಕೆಯೇ ಮೋಸದ್ದು ಎಂದು ಬೈದುಕೊಂಡೆ. ವಾಪಸು ಕಳಿಸಲು ಡಬ್ಬ ಕೂಡ ಹುಡುಕಿದೆ.

ಗುಟ್ಟು ಒಡೆದದ್ದು ಊದುಬತ್ತಿ. ಕ್ಯಾನು ಪೂರ್ತಿ ಖಾಲಿ ಮಾಡಿ, ವ್ಯಾಕ್ಯೂಮ್ ಚಾಲೂ ಮಾಡಿ, ಹೊತ್ತಿಸಿದ ಬತ್ತಿಯನ್ನು ಸಂದುಗಳ ಸುತ್ತ ನಿಧಾನವಾಗಿ ತಂದೆ. ನೆಟ್ಟಗೆ ಏಳುತ್ತಿದ್ದ ಹೊಗೆ, ಆಲಿಕೆ ಹಲಗೆಗೆ ಕೂತ ಜಾಗಕ್ಕೆ ಬಂದೊಡನೆ ಸೊಂಟ ಬಗ್ಗಿಸಿ ಒಳಗೆ ನುಸುಳಿತು. ನಾನು ಹೆಮ್ಮೆಪಟ್ಟ ಹಲಗೆಯಂಚಿನಲ್ಲೂ ಎರಡು ಕಡೆ ಹಾಗೆಯೇ. ಪೋಸ್ಟ್‌ಕಾರ್ಡ್ ತೂರದ ಸಂದಿನಲ್ಲಿ ಗಾಳಿ ಧಾರಾಳವಾಗಿ ತೂರುತ್ತಿತ್ತು.

ಇದು ಏಕೆ ಮುಖ್ಯ ಎಂದರೆ, ಸೈಕ್ಲೋನಿನ ಅತಿ ಸೂಕ್ಷ್ಮ ಜಾಗ ಅದರ ಕೆಳತುದಿ. ಸುಳಿಯ ನಡುವೆ ಒತ್ತಡ ಕಡಿಮೆ. ಅಲ್ಲಿಂದ ಗಾಳಿ ಮೇಲಕ್ಕೆ ಹೊರಳುತ್ತದೆ. ಕ್ಯಾನಿಗೆ ಕೆಳಗೆಲ್ಲಾದರೂ ಹೊರಗಾಳಿ ನುಗ್ಗಿದರೆ ಅದು ಹುಡುಕಿಕೊಂಡು ಹೋಗುವುದು ಆ ನಡುವಿನ ದಾರಿಯನ್ನೇ. ಹೋಗುವಾಗ ಬಿದ್ದ ಹುಡಿಯನ್ನೂ ಎಬ್ಬಿಸಿಕೊಂಡು ಹೋಗುತ್ತದೆ. ಕೆಲಸದ ಕಡೆಯ ಪೈಪಿನಲ್ಲಿ ತುಸು ಸೋರಿದರೆ ಎಳೆತ ಕಡಿಮೆಯಾದೀತು, ಅಷ್ಟೆ. ಕ್ಯಾನಿನ ಕಡೆ ಸೋರಿದರೆ ಬೇರ್ಪಡಿಸುವ ಕೆಲಸವೇ ಕೆಡುತ್ತದೆ. ಹಳೆ ಸೈಕಲ್ ಟ್ಯೂಬ್ ಸೀಳಿ ಹಲಗೆಯಡಿಗೆ ರಿಂಗು ಹಾಕಿದೆ. ಆಲಿಕೆಯ ಬುಡಕ್ಕೆ ಸಿಲಿಕೋನ್ ಬಳಿದೆ. 50 ಮಿಲಿಮೀಟರಿನ ಬಾಯಿಗೆ 35ರ ಪೈಪು ಹೊಂದದೆ ಪ್ಲಾಸ್ಟರ್ ಸುತ್ತಿದ್ದನ್ನು ಕಿತ್ತು, ಅಲ್ಲಿಗೂ ಟ್ಯೂಬಿನ ತುಂಡು ತೊಡಿಸಿ ಕ್ಲಿಪ್ಪು ಬಿಗಿದೆ. ಮತ್ತೆ ಒಂದು ಕೆಜಿ ಸುರಿದು ತೂಗಿದರೆ ಕ್ಯಾನಿನಲ್ಲಿ 980 ಗ್ರಾಂ. ಆಲಿಕೆ ಅದೇ, ವ್ಯಾಕ್ಯೂಮ್ ಅದೇ.

ಇನ್ನು ಕೆಲವು ಪಾಠಗಳು ಒಂದೊಂದೇ ಬಂದವು. ಮಳೆಗಾಲದಲ್ಲಿ ಕಟ್ಟಿದ್ದರಿಂದ ಒಂದು ವಿಷಯ ತಿಳಿದಿರಲೇ ಇಲ್ಲ. ಜನವರಿಯ ಒಣಹವೆಯಲ್ಲಿ ಒಂದು ದಿನ ಕ್ಯಾನು ಮುಟ್ಟಿದ ಹುಡುಗ "ಅಯ್ಯಪ್ಪಾ" ಎಂದು ಕೈ ಕೊಡವಿಕೊಂಡ. ಒಣ ಹುಡಿ ಪ್ಲಾಸ್ಟಿಕ್ ಪೈಪಿನ ಮೈಯನ್ನು ಉಜ್ಜಿಕೊಂಡು ಓಡುವಾಗ ಸ್ಥಿರವಿದ್ಯುತ್ತು ಕೂಡುತ್ತದೆ. ಲೋಹದ ಕ್ಯಾನು ಅದನ್ನು ಕೂಡಿಟ್ಟುಕೊಂಡು ಮುಟ್ಟಿದವರಿಗೆ ಕೊಡುತ್ತದೆ. ಎಲೆಕ್ಟ್ರಿಷಿಯನ್ ಕೈಲಿ ಕ್ಯಾನಿನಿಂದ ಅರ್ಥಿಂಗಿಗೆ ತಾಮ್ರದ ತಂತಿ ಕೊಡಿಸಿದೆ, ಆಲಿಕೆಗೂ ಪೈಪಿಗೂ ಅದೇ ತಂತಿ ಸುತ್ತಿಸಿದೆ.

ಕ್ಯಾನಿನ ಒಳಗೆ ಕಾಣುವುದಿಲ್ಲ. ಹುಡಿ ಆಲಿಕೆಯ ಬಾಯಿಯವರೆಗೆ ತುಂಬಿತೋ, ಆಮೇಲೆ ಬಂದದ್ದೆಲ್ಲ ಸದ್ದಿಲ್ಲದೆ ವ್ಯಾಕ್ಯೂಮಿಗೆ. ಒಂದು ಮಧ್ಯಾಹ್ನದ ಕೆಲಸ ಹಾಗೆ ಹೋಯಿತು. ಈಗ ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ ಕ್ಯಾನು ತಟ್ಟಿ ನೋಡುತ್ತೇವೆ. ಟೊಳ್ಳು ಸದ್ದು ಎಲ್ಲಿ ಮಂದವಾಗುತ್ತದೋ ಅಲ್ಲಿಯವರೆಗೆ ಹುಡಿ. ಮುಕ್ಕಾಲು ತುಂಬಿದರೆ ಖಾಲಿ ಮಾಡಬೇಕು.

ಒಲೆಯ ಪಾಠ ಕಲಿಸಿದ್ದು ಅಮ್ಮ. ಕ್ಯಾನಿನ ಹುಡಿಯನ್ನು ಹಳೆಯ ರೂಢಿಯಂತೆ ಬಚ್ಚಲಿಗೆ ಕೊಟ್ಟಿದ್ದೆ. ಅವಳು ಒಂದು ಹಿಡಿ ತೆಗೆದು ಉರಿಯ ಮೇಲೆ ಎಸೆದಳು. ಭಗ್ಗೆಂದು ಜ್ವಾಲೆ ಒಲೆಬಾಯಿಂದ ಹೊರಗೆ ಬಂತು. ಸೆರಗಿಗೆ ಹತ್ತಲಿಲ್ಲ, ಪುಣ್ಯ. ಕೀಸುಳಿಯ ಹೊಟ್ಟು ನಿಧಾನವಾಗಿ ಉರಿಯುತ್ತದೆ. ಸ್ಯಾಂಡರಿನ ಹಿಟ್ಟು ಗಾಳಿಯಲ್ಲಿ ಚದುರಿದರೆ ಪ್ರತಿ ಕಣಕ್ಕೂ ಸುತ್ತ ಗಾಳಿ ಸಿಕ್ಕಿ ಒಟ್ಟಿಗೇ ಹೊತ್ತಿಕೊಳ್ಳುತ್ತದೆ. ಈಗ ನೀರು ಚಿಮುಕಿಸಿ ಉಂಡೆ ಮಾಡದೆ ಕೊಡುವುದಿಲ್ಲ. ಎಂಡಿಎಫ್ ಹುಡಿಯನ್ನಂತೂ ಒಲೆಗೆ ಕೊಡುವುದೇ ಇಲ್ಲ. ಅದರಲ್ಲಿ ಫಾರ್ಮಾಲ್ಡಿಹೈಡ್ ಅಂಟಿದೆ. ಆ ಕೆಲಸ ಇದ್ದ ದಿನ ಮೊದಲು ಕ್ಯಾನು ಖಾಲಿ ಮಾಡಿ ಅದರ ಕತ್ತಿಗೆ ಕೆಂಪು ದಾರ ಕಟ್ಟುತ್ತೇವೆ. ದಾರ ಕಂಡರೆ ಅಮ್ಮ ಮುಟ್ಟುವುದಿಲ್ಲ. ಉಳಿ ಮಸೆಯುವ ಗ್ರೈಂಡರಿನ ಹತ್ತಿರಕ್ಕೆ ಈ ಪೈಪು ಒಯ್ಯಬಾರದು ಎಂಬ ನಿಯಮ ಬಂದದ್ದೂ ಅದೇ ದಿನ. ಒಂದು ಕಿಡಿ ಒಳಗೆ ಹೋಗಿ ರಾತ್ರಿಯಿಡೀ ಹೊಗೆಯಾಡಿದರೆ ಕೇಳುವವರು ಯಾರು?

ಸೈಕ್ಲೋನ್ ಮಾಡದ ಕೆಲಸವನ್ನೂ ಹೇಳಬೇಕು. ಅದು ಎಳೆತ ಹೆಚ್ಚಿಸುವುದಿಲ್ಲ. ಗಾಳಿಯನ್ನು ಸುತ್ತಿಸುವುದಕ್ಕೇ ಸ್ವಲ್ಪ ಎಳೆತ ಖರ್ಚಾಗುತ್ತದೆ. ಅದು ಉಳಿಸುವುದು ಫಿಲ್ಟರನ್ನು, ಅದರಿಂದ ಎಳೆತ ದಿನವಿಡೀ ಒಂದೇ ಸಮ ಇರುತ್ತದೆ. ವ್ಯಾಕ್ಯೂಮಿನ ಸಣ್ಣ ಪೈಪು ಸ್ಯಾಂಡರಿಗೆ, ರೂಟರಿಗೆ ಸಾಕು. ಪ್ಲೇನರ್ ಉಗುಳುವ ರಾಶಿಗೆ ಅಗಲ ಪೈಪಿನ, ಹೆಚ್ಚು ಗಾಳಿ ಸಾಗಿಸುವ ಬೇರೆ ಯಂತ್ರವೇ ಬೇಕು. ಕೀಸುಳಿಯ ಉದ್ದ ಸುರುಳಿ ಆಲಿಕೆಯ ಬಾಯಿಗೆ ಅಡ್ಡ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಇವತ್ತಿಗೂ ಹಿಡಿಸೂಡಿಯೇ ವಾಸಿ. ಎಲ್ಲಕ್ಕಿಂತ ಮುಖ್ಯವಾಗಿ, ತಕ್ಕಡಿಯಲ್ಲಿ ತಪ್ಪಿಸಿಕೊಂಡ 20 ಗ್ರಾಂ ಇದೆಯಲ್ಲ, ಅದು ಅತಿ ನುಣುಪಾದ ಹಿಟ್ಟು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಆದರೆ, ಎದೆಯೊಳಗೆ ಇಳಿಯುವ ಧೂಳು 10ಕ್ಕಿಂತಲೂ ಸಣ್ಣದು. ಸುಳಿಯಲ್ಲಿ ಗೋಡೆಗೆ ಎಸೆಯಲು ಅದಕ್ಕೆ ತೂಕ ಸಾಲದು. ಅದಕ್ಕಾಗಿ ವ್ಯಾಕ್ಯೂಮಿಗೆ ಒಳ್ಳೆಯ ಹೆಪಾ ಫಿಲ್ಟರ್, ಮೂಗಿಗೆ ಎನ್95 ಬೇಕೇ ಬೇಕು. ಸೈಕ್ಲೋನ್ ಬಂತೆಂದು ಮಾಸ್ಕ್ ತೆಗೆದಿಟ್ಟ ತಿಂಗಳು ನನಗೆ ಕೆಮ್ಮು ಬಂದಷ್ಟು ಮೊದಲೂ ಬಂದಿರಲಿಲ್ಲ.

ಬಡಗಿಯ ಮರ್ಯಾದೆ ಇರುವುದು ಸಂದಿನಲ್ಲಿ ಎಂಬುದು ಅಪ್ಪನ ಮಾತು. ನನಗೆ ಅದು ಮರಕ್ಕೆ ಮಾತ್ರ ಹೇಳಿದ ಮಾತಾಗಿತ್ತು. ನನ್ನ ಕಷ್ಟವೆಲ್ಲ ಆಲಿಕೆಯಲ್ಲೂ ಇರಲಿಲ್ಲ, ಮೋಟಾರಿನಲ್ಲೂ ಇರಲಿಲ್ಲ. ಒಂದು ಇನ್ನೊಂದಕ್ಕೆ ಕೂಡುವ ಜಾಗದಲ್ಲಿತ್ತು. ಅಲ್ಲಿ ನೋಡುವ ಬದಲು ದೊಡ್ಡ ವ್ಯಾಕ್ಯೂಮಿನ ಬೆಲೆ ವಿಚಾರಿಸುತ್ತ ಕೂತಿದ್ದೆ.

ಈಗ ಸೋಮವಾರ ಬೆಳಗ್ಗೆ ಕೆಲಸ ಶುರುಮಾಡುವ ಮುಂಚೆ ಹುಡುಗ ಕ್ಯಾನು ಖಾಲಿ ಮಾಡಿ, ಒರೆಸಿ, ಹಲಗೆ ಕೂರಿಸುತ್ತಾನೆ. ಯಂತ್ರಗಳಿಗೆಲ್ಲ ಊದುಬತ್ತಿ ಬೆಳಗಿ, ಕೊನೆಗೆ ವ್ಯಾಕ್ಯೂಮ್ ಚಾಲೂ ಮಾಡಿ, ಅದೇ ಬತ್ತಿಯನ್ನು ಕ್ಯಾನಿಗೆ ಒಂದು ಸುತ್ತು ತರುತ್ತಾನೆ. ಮೊನ್ನೆ ಕಪಾಟು ನೋಡಲು ಬಂದವರೊಬ್ಬರು ಚಪ್ಪಲಿ ಬಿಟ್ಟು, ಕೈಮುಗಿದು ನಿಂತರು. ಬೇಡವೆನ್ನಲಿಲ್ಲ. ನಾವಿಬ್ಬರೂ ಹೊಗೆ ಎತ್ತ ವಾಲುತ್ತದೆ ಎಂದು ನೋಡುತ್ತಿದ್ದೆವು.