ಪಟ್ಟಿಯ ಅರ್ಥ, ಮನೆಯ ಅರ್ಥ

ಮುಂಬಯಿಯ ನಮ್ಮ ಮಕ್ಕಳ ಕಿವಿಗೆ ದಿನಕ್ಕೆ ನಾಲ್ಕೈದು ಭಾಷೆ ಬೀಳುತ್ತದೆ. ಡೊಂಬಿವಲಿಯಲ್ಲೋ ಭಾಂಡೂಪಿನಲ್ಲೋ ಅಜ್ಜಿಯೊಡನೆ ತುಳು ಇಲ್ಲವೇ ಕನ್ನಡ, ಬಿಲ್ಡಿಂಗಿನ ಕೆಳಗೆ ಆಟಕ್ಕಿಳಿದರೆ ಹಿಂದಿ, ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಮಗುವಿಗೆ ಹೊರೆಯಾಯಿತೆಂದು ಎಷ್ಟೋ ಮನೆಗಳಲ್ಲಿ ಮೊದಲು ಕನ್ನಡವನ್ನೇ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಇಂಗ್ಲಿಷ್ ಪದ ಮಗುವಿಗೆ ನಿಜಕ್ಕೂ ದಕ್ಕಿದೆಯೇ ಎಂದು ನೀವು ತಿಳಿಯುವುದು ಮನೆಮಾತಿನಿಂದಲೇ.

ಟ್ಯೂಷನ್ನಿನಲ್ಲಿ ಇಂಗ್ಲಿಷ್ ಪದದ ಎದುರು ಹಿಂದಿ ಅರ್ಥ ಬರೆಸಿ ಬಾಯಿಪಾಠ ಮಾಡಿಸುವುದುಂಟು. ಆ ನೋಟ್‌ಬುಕ್ಕನ್ನು ಒಮ್ಮೆ ತೆರೆದು ನೋಡಿ. ‘ಲೀವ್’ ಎದುರು ‘ಅವಕಾಶ್’ ಎಂದಿರುತ್ತದೆ. ಹಿಂದಿಯಲ್ಲಿ ಅದು ರಜೆ. ರಜಾ ಅರ್ಜಿಯಲ್ಲೂ ಅದೇ ಪದ. ನಮ್ಮ ಅವಕಾಶಕ್ಕೆ ಅವರು ‘ಅವಸರ್’ ಎನ್ನುತ್ತಾರೆ. ‘ನಾವೆಲ್’ಗೆ ‘ಉಪನ್ಯಾಸ್’, ‘ಎಸ್ಟಿಮೇಟ್’ಗೆ ‘ಅನುಮಾನ್’, ‘ಎಜುಕೇಶನ್’ಗೆ ‘ಶಿಕ್ಷಾ’. ಈ ಕೊನೆಯದರಲ್ಲಿ ಮರಾಠಿ ನಮ್ಮ ಕಡೆಗಿದೆ: ಅಲ್ಲೂ ಶಿಕ್ಷಾ ಎಂದರೆ ದಂಡನೆ, ಓದಿಗೆ ಶಿಕ್ಷಣ. ಎಲ್ಲವೂ ಸಂಸ್ಕೃತದಿಂದಲೇ ಬಂದ ಪದಗಳು, ಒಂದೊಂದು ಭಾಷೆಯಲ್ಲಿ ಒಂದೊಂದು ಅರ್ಥಕ್ಕೆ ನೆಲೆನಿಂತಿವೆ. ಇಲ್ಲಿ ಮಗು ತಡವರಿಸಿದರೆ ಗದರಬೇಡಿ. ತನಗೆ ಗೊತ್ತಿರುವ ಕನ್ನಡವನ್ನು ನಂಬಿ ಅದು ಊಹಿಸುತ್ತಿದೆ. ಒಳ್ಳೆಯ ಲಕ್ಷಣವೇ.

ಒಂದು ಪದಕ್ಕೆ ಒಂದೇ ಅರ್ಥ ಕೊಡುವುದು ಪಟ್ಟಿಯ ಇನ್ನೊಂದು ಕೊರತೆ. ‘ಫಾಸ್ಟ್’ ಎಂದರೆ ‘ತೇಜ್’, ಮುಗಿಯಿತು. ಆದರೆ ಫಾಸ್ಟ್ ಲೋಕಲ್ ಸಿಗ್ನಲ್ಲಿಗೆ ಕಾದು ನಿಂತಾಗಲೂ ಫಾಸ್ಟೇ, ಏಕೆಂದರೆ ಅದು ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಗಾಡಿಯಲ್ಲ. ಏಕಾದಶಿಗೆ ಅಜ್ಜಿ ಹಿಡಿಯುವ ಉಪವಾಸವೂ ಫಾಸ್ಟ್. ಒಗೆದರೂ ಬಣ್ಣ ಬಿಡದ ಬಟ್ಟೆಗೂ ಅದೇ ಪದ. ದಾದರಿನ ಪ್ಲಾಟ್‌ಫಾರ್ಮಿನಲ್ಲಿ ರೈಲು ಕಾಯುವಾಗ, “ಇದಕ್ಕೆ ಯಾಕೆ ಪುಟ್ಟಾ ಫಾಸ್ಟ್ ಅಂತಾರೆ?” ಎಂದು ಕನ್ನಡದಲ್ಲೇ ಕೇಳಿ. ತನ್ನ ಮಾತಿನಲ್ಲಿ ವಿವರಿಸಿದರೆ ಪದ ಅದರದಾಯಿತು. ‘ತೇಜ್’ ಎಂದಷ್ಟೇ ಹೇಳಿ ಸುಮ್ಮನಾದರೆ ಇನ್ನೆರಡು ವಾಕ್ಯಗಳಲ್ಲಿ ಆ ಪದವನ್ನು ಬಳಸಿ ತೋರಿಸಿ.

ಹಿಂದಿ ಪರೀಕ್ಷೆಗೆ ಹಿಂದಿ ಅರ್ಥ ಬೇಕೇಬೇಕು, ಅದನ್ನು ಅಳಿಸಬೇಡಿ. ಪಟ್ಟಿಯ ಬಲಕ್ಕೆ ಇನ್ನೊಂದು ಗೆರೆ ಎಳೆಸಿ, ಮಗು ಹೇಳಿದ ಕನ್ನಡವನ್ನೋ ತುಳುವನ್ನೋ ಅದರ ಕೈಯಲ್ಲೇ ಬರೆಸಿ. ಕನ್ನಡ ಲಿಪಿ ಬಾರದಿದ್ದರೆ ದೇವನಾಗರಿಯಲ್ಲೇ ಬರೆಯಲಿ. ಹೈಸ್ಕೂಲಿಗೆ ಬಂದ ಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿನಂಥದ್ದು ಮನೆಯಲ್ಲಿರಲಿ. ಅದರಲ್ಲಿ ಒಂದೇ ಪದಕ್ಕೆ ಹಲವು ಅರ್ಥಗಳು ಸಿಗುತ್ತವೆ. ಅಲ್ಲಿಯವರೆಗೆ ದಿನಕ್ಕೆ ಎರಡು ಮೂರು ಪದ ಸಾಕು, ರಾತ್ರಿ ಊಟಕ್ಕೆ ಕೂತಾಗ.