ದಿವಾಳಿಯ ನಂತರ ಸಿಬಿಲ್ ಸ್ಕೋರ್: ಕೋರ್ಟಿನ ಆದೇಶವನ್ನು ಬ್ಯಾಂಕಿಗೆ ನೀವೇ ಮುಟ್ಟಿಸಬೇಕು

ಛತ್ರಪತಿ ಸಂಭಾಜಿನಗರದ ವಾಳೂಜ್ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಕಾರ್ಖಾನೆ ಹಾಕಿ ನಷ್ಟಕ್ಕೆ ಬಿದ್ದವರಿರಲಿ, ನಾಸಿಕ್‌ನಲ್ಲಿ ಹೋಟೆಲ್ ಇಟ್ಟು ಕೈ ಸುಟ್ಟುಕೊಂಡವರಿರಲಿ, ಒಮ್ಮೆ ದಿವಾಳಿ ಎದ್ದರೆ ಜೀವಮಾನವಿಡೀ ಸಾಲ ಹುಟ್ಟುವುದಿಲ್ಲ ಎಂದೇ ನಂಬಿರುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. ಆದರೆ ಇಬ್ಬರ ದಾರಿಯೂ ಒಂದೇ ಅಲ್ಲ.

2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗ 2019ರ ಡಿಸೆಂಬರ್ 1ರಿಂದ ಜಾರಿಯಾದದ್ದು ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ವಾಳೂಜಿನ ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಜಾಮೀನು ಹಾಕಿದ ನಿರ್ದೇಶಕರ ಮೇಲೆ, ಕಂಪನಿಯ ದಿವಾಳಿ ಪ್ರಕರಣ ಮುಂಬೈನ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿದ್ದರೆ, ಅಲ್ಲೇ ಅರ್ಜಿ ನಡೆಯುತ್ತದೆ. ನಾಸಿಕ್‌ನಲ್ಲಿ ಸ್ವಂತ ಹೆಸರಲ್ಲಿ ಸಾಲ ಮಾಡಿದ ಹೋಟೆಲ್ ಮಾಲೀಕರಿಗೆ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ; ಅರ್ಜಿ ಜಿಲ್ಲಾ ನ್ಯಾಯಾಲಯಕ್ಕೆ.

ಈ ಹಳೆಯ ಕಾಯ್ದೆಯಲ್ಲಿ ನೂರು ವರ್ಷದ ಹಿಂದಿನ ಮೊತ್ತಗಳೇ ಉಳಿದಿವೆ. 500 ರೂಪಾಯಿ ಸಾಲವಿದ್ದರೂ ತೀರಿಸಲಾಗದವರು ಅರ್ಜಿ ಹಾಕಬಹುದು. ಎಚ್ಚರ ಬೇಕಾದದ್ದು 72ನೇ ಕಲಂನಲ್ಲಿ: ಕೋರ್ಟ್ ದಿವಾಳಿ ಎಂದು ಘೋಷಿಸಿ, ಸಾಲದ ಹೊಣೆಯಿಂದ ಇನ್ನೂ ಬಿಡುಗಡೆ ಕೊಡದ ವ್ಯಕ್ತಿ, ಆ ಸಂಗತಿ ತಿಳಿಸದೆ ಯಾರಿಂದಲಾದರೂ 50 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಸಾಲ ಪಡೆದರೆ ಆರು ತಿಂಗಳವರೆಗೆ ಜೈಲಾಗಬಹುದು. ಮೊಬೈಲ್ ಆ್ಯಪ್‌ನಲ್ಲಿ ಕಣ್ಣು ಮುಚ್ಚಿ ಸಾಲಕ್ಕೆ ಒಪ್ಪಿಗೆ ಒತ್ತುವವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಆದ್ದರಿಂದ ಸ್ಕೋರ್ ಚಿಂತೆಗೂ ಮೊದಲು 41ನೇ ಕಲಂನಡಿ ಬಿಡುಗಡೆಗೆ ಅರ್ಜಿ ಹಾಕಿ. ಘೋಷಣೆಯ ಆದೇಶದಲ್ಲೇ ಅದಕ್ಕೆ ಗಡುವು ಬರೆದಿರುತ್ತದೆ. ಬಿಡುಗಡೆ ಸಿಕ್ಕರೂ ಸರ್ಕಾರಕ್ಕೆ ಕೊಡಬೇಕಾದದ್ದು, ಜೀವನಾಂಶ, ವಂಚನೆಯಿಂದ ಮಾಡಿದ ಸಾಲ ಇವು ಮಾಫಿಯಾಗುವುದಿಲ್ಲ.

ಬಿಡುಗಡೆಯ ಆದೇಶ ಕೈಗೆ ಬಂದಾಗ ಬಹಳ ಜನ ಕೆಲಸ ಮುಗಿಯಿತು ಎಂದು ಸುಮ್ಮನಾಗುತ್ತಾರೆ. ಕೋರ್ಟು ತನ್ನ ಆದೇಶವನ್ನು ಸಿಬಿಲ್‌ಗೆ ಕಳಿಸುವುದಿಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕು ಸಾಲ ಮಾಹಿತಿ ಸಂಸ್ಥೆಗಳಿಗೂ ಸಾಲದ ಮಾಹಿತಿ ಹೋಗುವುದು ಸಾಲ ಕೊಟ್ಟವರಿಂದಲೇ. ಆದೇಶದ ದೃಢೀಕೃತ ನಕಲನ್ನು ಪ್ರತಿ ಬ್ಯಾಂಕಿಗೂ ಪತ್ರದೊಂದಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಬಾಕಿಯನ್ನು ಸೊನ್ನೆ ಎಂದು ನಮೂದಿಸಲು ಆ ಪತ್ರದಲ್ಲೇ ಕೇಳಿ. ವರ್ಷಕ್ಕೊಮ್ಮೆ ನಾಲ್ಕೂ ಸಂಸ್ಥೆಗಳಿಂದ ಪೂರ್ಣ ವರದಿ ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು. ಖಾತೆ ಖಾತೆಯನ್ನೂ ಬೆರಳಿಟ್ಟು ಓದಿ. ಸ್ನೇಹಿತನಿಗೆ ಹಾಕಿದ ಜಾಮೀನೂ ಅಲ್ಲಿರುತ್ತದೆ. ಹಳೆಯ ಕಡತದಲ್ಲಿ ಔರಂಗಾಬಾದ್, ಈಗಿನ ಆಧಾರ್‌ನಲ್ಲಿ ಛತ್ರಪತಿ ಸಂಭಾಜಿನಗರ ಎಂದಿದ್ದರೆ ಎರಡೂ ಒಂದೇ ಊರೆಂದು ಪತ್ರದಲ್ಲಿ ಒಂದು ಸಾಲು ಬರೆಯಿರಿ.

ತಪ್ಪು ಕಂಡರೆ ಬ್ಯಾಂಕಿಗಾಗಲಿ ಆ ಸಂಸ್ಥೆಗಾಗಲಿ ದೂರು ಕೊಟ್ಟು ದೂರಿನ ಸಂಖ್ಯೆ ಇಟ್ಟುಕೊಳ್ಳಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ನಂತರದ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು. 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮವಿದು. ಕೇಳುವವರು ಕಡಿಮೆ, ಸಂಕೋಚ ಬೇಡ, ಕೇಳಿ. ಅಲ್ಲೂ ಆಗದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರಬಹುದು, ಮಾಹಿತಿಗೆ 14448.

ಕೋರ್ಟಿಗೆ ಹೋಗದೆ ಬ್ಯಾಂಕಿನೊಂದಿಗೆ ರಾಜಿ ಮಾಡಿಕೊಂಡವರೇ ಹೆಚ್ಚು. ಅವರ ವರದಿಯಲ್ಲಿ 'ಕ್ಲೋಸ್ಡ್' ಬದಲು 'ಸೆಟಲ್ಡ್' ಎಂದಿರುತ್ತದೆ. ಮುಂದೆ ಸಾಲ ಕೊಡುವವರು ಅದನ್ನು ಪೂರ್ತಿ ತೀರದ ಸಾಲವೆಂದೇ ನೋಡುತ್ತಾರೆ. ಕೃಷಿಯೇತರ ಸಾಲದಲ್ಲಿ ಹೀಗೆ ರಾಜಿಯಾದ ಮೇಲೆ ಹೊಸ ಸಾಲಕ್ಕೆ ಕನಿಷ್ಠ 12 ತಿಂಗಳು ಕಾಯಿಸಬೇಕೆಂದು 2023ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಕೈಯಲ್ಲಿ ಹಣವಾದಾಗ ಬಿಟ್ಟುಕೊಟ್ಟ ಮೊತ್ತವನ್ನೂ ಕಟ್ಟಿ, ಬಾಕಿ ಇಲ್ಲವೆಂಬ ಪ್ರಮಾಣಪತ್ರ ಪಡೆದು, 'ಕ್ಲೋಸ್ಡ್' ಮಾಡಿಸಿಕೊಳ್ಳುವುದು ಸಾಧ್ಯ.

ಸ್ಕೋರ್ 300ರಿಂದ 900ರವರೆಗೆ. ಅದನ್ನು ಮೇಲೆತ್ತಲು ನನಗೆ ಹೆಚ್ಚು ಭರವಸೆ ಇರುವುದು ಸಣ್ಣದೊಂದು ಎಫ್‌ಡಿ ಇಟ್ಟು, ಅದರ ಆಧಾರದ ಮೇಲೆ ಕೊಡುವ ಕ್ರೆಡಿಟ್ ಕಾರ್ಡಿನಲ್ಲಿ. ತಿಂಗಳ ಹಾಲು, ಕರೆಂಟು ಬಿಲ್ಲಿಗಷ್ಟೇ ಬಳಸಿ, ಗಡುವಿನೊಳಗೆ ಪೂರ್ತಿ ಕಟ್ಟಿ. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ 15 ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕಾದ್ದರಿಂದ ನಿಮ್ಮ ಶಿಸ್ತು ಬೇಗ ದಾಖಲಾಗುತ್ತದೆ. ಈ ನಡುವೆ ಹತ್ತು ಕಡೆ ಸಾಲದ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಗೂ ಸಾಲ ಕೊಡುವವರು ಮಾಡುವ ವಿಚಾರಣೆ ವರದಿಯಲ್ಲಿ ಕಾಣುತ್ತದೆ.

ಹಣ ಕೊಟ್ಟರೆ ಸ್ಕೋರ್ ಏರಿಸುತ್ತೇವೆ ಎನ್ನುವ ಏಜೆಂಟರು ಎರಡೂ ಊರಲ್ಲಿ ಸಿಕ್ಕಾರು. ನಿಜವಾಗಿಯೂ ತಪ್ಪಿದ ಕಂತಿನ ದಾಖಲೆಯನ್ನು ಅಳಿಸುವ ಅಧಿಕಾರ ಅವರಿಗಿಲ್ಲ. ತಪ್ಪು ದಾಖಲೆ ತಿದ್ದಿಸಲು ನಿಮ್ಮ ಅರ್ಜಿಯೇ ಸಾಕು, ಅದಕ್ಕೆ ಶುಲ್ಕವೂ ಇಲ್ಲ. ಅವರಿಗೆ ಪ್ಯಾನ್ ನಕಲನ್ನೂ ಒಟಿಪಿಯನ್ನೂ ಕೊಡಬೇಡಿ.