ಪಳಗಿದ ಬೀಜ, ತಾಳುವ ಪೈರು



ನಿಮ್ಮ ರಾಗಿ ಹೊಲದ ಬದುವಿನಲ್ಲಿ ನೀಲಗಿರಿ ಮರಗಳಿವೆಯೇ? ಹಾಗಿದ್ದರೆ ಆ ಬದಿಯ ಸಾಲುಗಳನ್ನು ಗಮನಿಸಿ ನೋಡಿರಿ. ಪೈರು ವಿರಳ, ಎದ್ದದ್ದೂ ಗಿಡ್ಡ. ಮರದ ನೆರಳು ಬೀಳುತ್ತದೆ, ಬೇರು ನೀರು ಹೀರುತ್ತದೆ ಎನ್ನುವಿರಿ. ಅದು ನಿಜ. ಆದರೆ ಮೂರನೆಯ ಕಾರಣವೂ ಉಂಟು. ಉದುರಿದ ಎಲೆ ನೆನೆದಾಗ ಅದರೊಳಗಿನ ಒಗರು ಆಮ್ಲಗಳು ಮಣ್ಣಿಗಿಳಿದು ಮೊಳಕೆಯನ್ನು ತಡೆಯುತ್ತವೆ. ಎಳೆಯ ಬೇರು ನೀರು ಹೀರುವ ಶಕ್ತಿಯನ್ನು ಕುಂದಿಸುತ್ತವೆ. ಒಂದು ಗಿಡದ ರಸ ಇನ್ನೊಂದಕ್ಕೆ ಹೀಗೆ ತಾಕುವುದನ್ನು ಹಾನ್ಸ್ ಮೋಲಿಶ್ ಎಂಬ ವಿಜ್ಞಾನಿ 1937 ರಲ್ಲಿ ‘ಅಲೆಲೋಪತಿ’ ಎಂದು ಕರೆದನು.

ಈ ರಸದ ಪೆಟ್ಟು ಎಲ್ಲ ಕಾಲದಲ್ಲಿಯೂ ಒಂದೇ ಸಮನಲ್ಲ. ನೆಲ ತೇವವಾಗಿದ್ದರೆ ಪೈರು ತಾಳಿಕೊಂಡೀತು. ಮಳೆ ಕೈಕೊಟ್ಟಾಗ ಅಷ್ಟೇ ರಸ ಅದನ್ನು ಕುಗ್ಗಿಸಿಬಿಡುತ್ತದೆ. ಬಾಯಾರಿದ ಬೇರಿಗೆ ಎರಡು ಕಡೆಯ ಹೊಡೆತ.

ಹಾಗೆಂದು ಕಷ್ಟವೆಲ್ಲ ಕೆಟ್ಟದ್ದಲ್ಲ. ಮೊದಲೇ ಹದವಾಗಿ ಕಂಡ ಕಷ್ಟ ಪೈರನ್ನು ಪಳಗಿಸುತ್ತದೆ. ನೆನೆಸಿ ಮತ್ತೆ ಒಣಗಿಸಿದ ಬೀಜ ಬೇಗ ಮೊಳೆತು, ಬರವನ್ನು ಹೆಚ್ಚು ತಾಳುತ್ತದೆ. ಬಾಯಾರಿಕೆ ಕಡಿಮೆಯಾದರೆ ರಸದ ಬಾಧೆಯೂ ಇಳಿದೀತು.

ರಾಗಿ ಬೀಜವನ್ನು ಪಳಗಿಸುವ ಕ್ರಮ ಹೀಗಿದೆ:

1. ಒಂದು ಕಿಲೋ ಬೀಜವನ್ನು ಒಂದು ಲೀಟರ್ ನೀರಿನಲ್ಲಿ 6 ಗಂಟೆ ನೆನೆಸಿರಿ.
2. ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ 2 ದಿನ ಇಡಿರಿ.
3. ಮೊಳಕೆಯ ಗುರುತು ಕಂಡೊಡನೆ ನೆರಳಿನಲ್ಲಿ ಹರಡಿ 2 ದಿನ ಒಣಗಿಸಿರಿ. ಬಿಸಿಲಿಗೆ ಹಾಕಬೇಡಿರಿ.

ನಮ್ಮ ಮಾತನ್ನೇ ನಂಬಬೇಕಾಗಿಲ್ಲ, ನೀವೇ ಪರೀಕ್ಷಿಸಿರಿ. ನಾಲ್ಕು ಕುಂಡಗಳಿಗೆ ಒಂದೇ ಮಣ್ಣು ತುಂಬಿರಿ. ಎರಡರಲ್ಲಿ ಪಳಗಿಸಿದ ಬೀಜ, ಎರಡರಲ್ಲಿ ಸಾದಾ ಬೀಜ, ಎಣಿಸಿ ಹಾಕಿರಿ. ಪ್ರತಿ ಜೋಡಿಯಲ್ಲಿ ಒಂದಕ್ಕೆ ಬರಿಯ ನೀರು, ಇನ್ನೊಂದಕ್ಕೆ ನೀಲಗಿರಿ ಎಲೆ ನೆನೆಸಿದ ನೀರು ಹಾಕಿರಿ. ಹತ್ತು ದಿನಗಳ ನಂತರ ಮೊಳಕೆ ಎಣಿಸಿ, ಬೇರಿನ ಉದ್ದ ಅಳೆಯಿರಿ. ಮಕ್ಕಳೂ ಮಾಡಬಹುದಾದ ಕೆಲಸವಿದು.

ಪಳಗಿಸಿದ ಬೀಜವೊಂದೇ ಸಾಲದು. ಬಿತ್ತನೆಗೆ ಮುಂಚೆ ಉದುರೆಲೆ ಗುಡಿಸಿ ಹೊಲದಿಂದಾಚೆ ಹಾಕಿರಿ. ಮರಕ್ಕೂ ಪೈರಿಗೂ ನಡುವೆ ಕಂದಕ ತೆಗೆದು, ಹೊಲಕ್ಕೆ ಹಬ್ಬಿದ ಬೇರು ಕಡಿಯಿರಿ. ಎಲ್ಲಕ್ಕಿಂತ ಮಿಗಿಲಾಗಿ, ಹೊಲದಲ್ಲಿ ತೇವ ಉಳಿಸಿಕೊಳ್ಳಿರಿ. ಬದುವಿನ ಬದಿಯ ಸಾಲುಗಳೂ ನಿಮ್ಮ ಕಣಜಕ್ಕೆ ಸೇರಬೇಕಾದವೇ ಅಲ್ಲವೇ?